ಏಕಾದಶಿಯ ಲುಚಿ

ಮೊದಲನೆಯ ಲುಚಿ ಉಬ್ಬಲೇ ಇಲ್ಲ. ಎರಡನೆಯದು ಉಬ್ಬಿತು, ಆದರೆ ಬೆಳ್ಳಗಿರಬೇಕಾದ ಮೈದಾ ಲುಚಿ ಹೋಟೆಲಿನ ಪೂರಿಯಂತೆ ಕೆಂಪಗಾಗಿ ಕೂತಿತು. ಹೆಂಡತಿಯ ಕಣ್ಣಿಗೆ ಬೀಳುವುದರೊಳಗೆ ಅದನ್ನು ಎಲ್ಲಿ ಬಚ್ಚಿಡಲಿ ಎಂದು ನಿರುಪಮ ಸುತ್ತಮುತ್ತ ನೋಡಿದ. ಸುತಪಾ ಅಷ್ಟರಲ್ಲೇ ನೋಡಿಬಿಟ್ಟಿದ್ದಳು.

"ಇದೇನ್ರೀ ಇದು? ಕೆಂಪಗಾದ್ರೆ ಅದು ಲುಚಿನೇ ಅಲ್ಲ ಅಂತ ಮದುವೆಯಾದಾಗಿಂದ ನಂಗೆ ಪಾಠ ಹೇಳ್ಕೊಂಡು ಬಂದೋರು ನೀವೇ ತಾನೆ?"

ನಿರುಪಮನ ಕಿವಿ ಬಿಸಿಯಾಯಿತು. ಅವಳು ಹೇಳಿದ್ದು ನಿಜ. ಸುತಪಾ ಲುಚಿ ಕರಿದಾಗಲೆಲ್ಲ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಚೆನ್ನಾಗೇನೋ ಇದೆ, ಆದ್ರೆ ಪಿಶಿ ಕೈರುಚಿಯೇ ಬೇರೆ" ಎಂದು ನಿಟ್ಟುಸಿರು ಬಿಡುವುದು ಅವನ ಚಟ. ಪಿಶಿ ಎಂದರೆ ಅವನ ಸೋದರತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕೃಷ್ಣನಗರದ ತವರಿಗೆ ಮರಳಿದ್ದ ಅವಳಿಗೆ ತಾರಸಿಯ ಮೂಲೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಆ ಒಲೆಯ ಲುಚಿಯ ಕಥೆಯನ್ನು ನಿರುಪಮ ಆಫೀಸಿನಲ್ಲಿ ಹೇಳಿದ್ದಾನೆ, ಬೀಗರಿಗೆ ಹೇಳಿದ್ದಾನೆ, ರೈಲಿನಲ್ಲಿ ಎದುರು ಕೂತವರನ್ನೂ ಬಿಟ್ಟಿಲ್ಲ. ನಿವೃತ್ತನಾದ ಮೇಲೆ, ಆ ರುಚಿಯನ್ನು ನಾನೇ ತಂದು ತೋರಿಸುತ್ತೇನೆ ಎಂದು ಹಟ ಹಿಡಿದ. ತೀರ್ಪು ಕೊಡಲಿಕ್ಕೆಂದೇ ತನ್ನ ಅಣ್ಣನ ಮನೆಯಿಂದ ಪಿಶಿಯನ್ನು ಕರೆಸಿಕೊಂಡ.

ದಿನವನ್ನೂ ಪಂಚಾಂಗ ನೋಡಿಯೇ ಆರಿಸಿದ್ದ. ಪಿಶಿ ಲುಚಿ ಮಾಡುತ್ತಿದ್ದುದು ಏಕಾದಶಿಗೆ, ಹಾಗಾಗಿ ಇವನೂ ಏಕಾದಶಿಗೇ. ಮೀನು ಬಿದ್ದ ಬಾಣಲೆ ಅವಳಿಗಾಗದೆಂದು ಹೊಸ ಬಾಣಲೆ, ಹೊಸ ಸೌಟು, ಜೊತೆಗೆ ಒಳ್ಳೆಯ ಹಸುವಿನ ತುಪ್ಪ. ಇಷ್ಟನ್ನೆಲ್ಲ ನೆನಪಿಟ್ಟುಕೊಂಡೆನಲ್ಲ ಎಂದು ಅವನಿಗೆ ತನ್ನ ಮೇಲೆ ಸ್ವಲ್ಪ ಹೆಮ್ಮೆಯೇ ಇತ್ತು.

ಅಡುಗೆಮನೆಯ ಬಾಗಿಲಲ್ಲಿ, ಮೆಟ್ಟಿಲಿಗೆ ಬೆನ್ನು ಮಾಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಪಿಶಿಗೆ ಸುಮ್ಮನಿರಲಾಗಲಿಲ್ಲ.

"ಉರಿ ಇಳಿಸೋ ಪೊಲ್ಟು. ಲಟ್ಟಿಸುವಾಗ ಒಣಹಿಟ್ಟು ಯಾಕೆ ಉದುರಿಸ್ತೀಯ? ಅದೇ ಸೀದು ಕೆಂಪಗಾಗೋದು. ಮಣೆಗೆ ತುಪ್ಪ ಸವರು."

ತಲೆ ಪೂರಾ ನೆರೆತರೂ ಪಿಶಿಯ ಬಾಯಲ್ಲಿ ಇನ್ನೂ ಪೊಲ್ಟುವೇ ಆಗಿದ್ದ ನಿರುಪಮ ಮಣೆಗೆ ತುಪ್ಪ ಸವರಿದ. ಮುಂದಿನ ಲುಚಿ ಬೆಳ್ಳಗೆ, ದುಂಡಗೆ ಉಬ್ಬಿ ಮೇಲೆ ಬಂತು. ಹೋದ ಮಾನ ಮರಳಿ ಬಂದಂತಾಗಿ ಅವನ ಬಾಯಿ ಬಿಚ್ಚಿತು.

"ಕೇಳು ಸುತಪಾ, ಮಜಾನ. ಕೆಳಗೆ ಅಮ್ಮ ನಮಗೆಲ್ಲ ಅನ್ನ, ಮೀನಿನ ಸಾರು ಬಡಿಸಿರೋಳು. ಹೊಟ್ಟೆ ಬಿರಿಯೋ ಹಾಗೆ ತಿಂದು ಇಡೀ ಸೈನ್ಯ ತಾರಸಿಗೆ ಓಡೋದು! ನಾವು ಮೆಟ್ಟಿಲು ಹತ್ತೋ ಸದ್ದಿಗೇ ಪಿಶಿ ಕೂಗೋಳು, ಮೀನು ತಿಂದ ಕೈ ಸೋಪು ಹಾಕಿ ತೊಳ್ಕೊಂಡು ಬನ್ರೋ ಅಂತ."

"ಇವನೆಲ್ಲಿ ತೊಳೀತಿದ್ದ ಬೌಮಾ," ಎಂದು ಪಿಶಿ ಸೊಸೆಯ ಕಡೆ ತಿರುಗಿ ನಕ್ಕಳು. "ಚಡ್ಡಿಗೆ ಒರೆಸ್ಕೊಂಡು ಬಂದು, ತೊಳೆದೆ ಅಂತ ಸುಳ್ಳು ಹೇಳೋನು."

ಸುತಪಾ ಕೈಯಲ್ಲಿದ್ದ ಉಂಡೆಯನ್ನು ಕೆಳಗಿಟ್ಟಳು. "ಏಕಾದಶಿ ದಿನ ನೀವು ಅನ್ನ ತಿನ್ನೋ ಹಾಗಿರ್ಲಿಲ್ಲ ಅಲ್ವಾ ಪಿಶಿ?"

"ಎಲ್ಲಾದರೂ ಉಂಟಾ? ವಿಧವೆಗೆ ಏಕಾದಶಿ ದಿನ ಅನ್ನವೇ? ಪಾಪ, ಅದಕ್ಕೇ ನನ್ನಣ್ಣ, ಅದೇ ನಿನ್ನ ಮಾವ, ನನಗೆ ಅಂತ ಬೇರೆ ಮೈದಾ, ತುಪ್ಪ ಮೇಲಕ್ಕೆ ಕಳಿಸ್ತಿದ್ದ."

ನಿರುಪಮನ ಗಮನವೆಲ್ಲ ಬಾಣಲೆಯ ಮೇಲಿತ್ತು. ಇದ್ದುದರಲ್ಲಿ ಚೆಂದದ ಲುಚಿಯನ್ನು ಆರಿಸಿ, ಪಕ್ಕದಲ್ಲಿ ಅರಿಸಿನ ಹಾಕದ ಆಲೂಗಡ್ಡೆ ಪಲ್ಯವಿಟ್ಟು, ತಟ್ಟೆಯನ್ನು ಅವಳ ಮುಂದೆ ಹಿಡಿದ. ಪಿಶಿ ಲುಚಿಗೆ ಬೆರಳು ಚುಚ್ಚಿ ಹಬೆ ಬಿಟ್ಟು, ತಟ್ಟೆಯನ್ನು ಅವನತ್ತಲೇ ಸರಿಸಿದಳು. "ಬಿಸಿ ಇದೆ, ತಿನ್ನು."

"ನಂಗಲ್ಲ ಪಿಶಿ, ನಿಂಗೆ. ತಿಂದು ನಿಜ ಹೇಳ್ಬೇಕು."

ಅವಳು ಚೂರು ಮುರಿದು ಬಾಯಿಗಿಟ್ಟುಕೊಂಡು, ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು. ಮತ್ತೊಂದು ಚೂರು ಮುರಿದಳು. ನಿರುಪಮ ಫಲಿತಾಂಶಕ್ಕೆ ಕಾದ ಹುಡುಗನಂತೆ ನಿಂತಿದ್ದ.

"ಚೆನ್ನಾಗಿದೆ ಕಣೋ. ತುಂಬಾ ಚೆನ್ನಾಗಿದೆ."

"ಅದಲ್ಲ. ನೀನು ಮಾಡ್ತಿದ್ದ ಲುಚಿ ಹಾಗಿದೆಯಾ, ಅದನ್ನ ಹೇಳು."

ಪಿಶಿ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿದ್ದಾನೆಂದೇ ಅವಳು ತಿಳಿದಂತಿತ್ತು.

"ಅದು ನಂಗೆ ಹೇಗೆ ಗೊತ್ತಾಗತ್ತೋ? ತಿಂದೋರು ನೀವು. ನೀನೇ ಹೇಳ್ಬೇಕು."

ಮಾತಿನಲ್ಲಿ ಚೂರೂ ಕೊಂಕಿರಲಿಲ್ಲ. ಸುತಪಾ ಗಂಡನ ಮುಖ ನೋಡದೆ ಒಲೆ ಆರಿಸಿದಳು. ನಿರುಪಮನಿಗೆ ಆ ತಾರಸಿ ಕಣ್ಣಿಗೆ ಕಟ್ಟಿತು. ಬುಟ್ಟಿಗೆ ಬೀಳುವ ಮೊದಲೇ ಲುಚಿ ಕಸಿಯುವ ಕೈಗಳು, ಅದರಲ್ಲಿ ಮುಂದೆ ಇವನದೇ. "ನಂಗೆ ಹಸಿವಿಲ್ಲ, ನೀವು ತಿನ್ನಿ" ಎನ್ನುವ ಪಿಶಿ. ಆಮೇಲೆ ಅವಳು ಹೂಜಿಯಿಂದ ನೀರು ಬಗ್ಗಿಸಿಕೊಂಡು ಒಂದೇ ಸಮನೆ ಗಟಗಟ ಕುಡಿಯುತ್ತಿದ್ದುದು. ಒಲೆಯ ಝಳಕ್ಕೆ ಬಾಯಾರಿರಬೇಕೆಂದು ಇಷ್ಟು ವರ್ಷವೂ ಅಂದುಕೊಂಡಿದ್ದ. ಊರಿಗೆಲ್ಲ ಹೇಳಿಕೊಂಡು ತಿರುಗಿದ ಕಥೆಯನ್ನು ಈಗ ಯಾರಾದರೂ ಕೇಳಿದರೆ ಎಂದು ನೆನೆದೇ ಅವನಿಗೆ ನಾಚಿಕೆಯಾಯಿತು. ತಲೆ ಎತ್ತಲಾಗದೆ ಸೌಟು ಹಿಡಿದು ನಿಂತ.

ಅಷ್ಟರಲ್ಲಿ ಪಿಶಿಯ ತಟ್ಟೆ ಖಾಲಿಯಾಗಿತ್ತು. ಅವಳು ಅದನ್ನು ಮಡಿಲಿಗೆ ಎಳೆದುಕೊಂಡು, ಹಿಂದೆ ತಿರುಗಿ ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಇನ್ನೊಂದು ಉಳಿದಿದೆಯೇನೋ ಪೊಲ್ಟು?"