ಮೂರು ಸ್ವರಗಳ ಜಾಗ

"ಅಲ್ಲಿ ಉಸಿರು ತಗೊಂಡ್ರೆ ಏನಾಗುತ್ತೆ ಅಂತೀನಿ? ಪೊಲೀಸ್ನೋರು ಬಂದು ಹಿಡ್ಕೊಂಡು ಹೋಗ್ತಾರಾ?" ಎಂದಳು ಡಿಂಪ್ನಾ, ತನ್ನ ಬ್ರೆಡ್ ವ್ಯಾನಿನ ಬಾಗಿಲಿಗೆ ಒರಗಿಕೊಂಡು.

ಅಟ್ರಾಕ್ಟಾ ಗಾಫ್ನಿ ತಲೆ ಎತ್ತಲಿಲ್ಲ. ಸಭಾಂಗಣದ ಮೆಟ್ಟಿಲ ಮೇಲೆ ಕೂತು, ಕಪ್ಪು ಮರದ ಕೊಳಲನ್ನು ಬಿಚ್ಚಿ, ಒಂದೊಂದೇ ತುಂಡನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದಳು. ನಾಲ್ಕು ಗಂಟೆಗೆ ಒಳಗೆ ಗಣಿಯವರ ನೆನಪಿನ ಕೂಟ. ಅರಿಗ್ನಾ ಬೆಟ್ಟದಲ್ಲಿ ಕಲ್ಲಿದ್ದಲು ಅಗೆಯುವುದು ನಿಂತಾಗಿನಿಂದ ಪ್ರತಿವರ್ಷವೂ ಈ ಕೂಟದಲ್ಲಿ ಅವಳೊಬ್ಬಳೇ ನಿಂತು, ಅಪ್ಪ ಫೆಲಿಮ್ ಕಟ್ಟಿದ ಕುಣಿತದ ಮಟ್ಟನ್ನು ನುಡಿಸಿಕೊಂಡು ಬಂದವಳು. ಈಗ ಎಪ್ಪತ್ತೊಂದು ತುಂಬಿತ್ತು. ಮಟ್ಟಿನ ಎರಡನೇ ಭಾಗ ಜಿಗಿದು ಮೇಲಕ್ಕೇರಿ, ಮೂರು ಸ್ವರ ಸರಸರನೆ ಇಳಿಯುವ ಆ ತಿರುವಿಗೆ ಬರುವಷ್ಟರಲ್ಲಿ ಎದೆ ಖಾಲಿಯಾಗಿಬಿಡುತ್ತಿತ್ತು. ವಾರವಿಡೀ ಮನೆಯಲ್ಲಿ ಪ್ರಯತ್ನಪಟ್ಟಿದ್ದಳು. ಆಗಿರಲಿಲ್ಲ.

"ಅಪ್ಪ ಅಲ್ಲಿ ಉಸಿರು ತಗೊಂಡೋನಲ್ಲ ಕಣೇ. ಬೇರೆ ಎಲ್ಲಾದ್ರೂ ಒಂದು ಸ್ವರ ಬಿಡು, ಉಸಿರೆಳ್ಕೋ, ಯಾರು ಬೇಡ ಅಂದ್ರು? ಅಲ್ಲಿ ಮಾತ್ರ ಇಲ್ಲ. ನಿನಗೆ ಎಂಟು ವರ್ಷ ಇದ್ದಾಗಿಂದ ಹೇಳ್ತಾ ಇದೀನಿ."

"ಬರೀ ಹೇಳಿದ್ದಾ? ಬೆರಳ ಮೇಲೆ ಬಾರಿಸಿದೀರಿ."

"ಬಾರಿಸಿದ್ದಕ್ಕೇ ನಿನಗೆ ಬಂದಿದ್ದು. ಇವತ್ತು ನೀನೇ ನುಡಿಸು. ನನ್ನದು ಮುಗೀತು."

ಹಗುರವಾಗಿಯೇ ಅಂದಳು. ಆದರೆ ಪೆಟ್ಟಿಗೆಯ ಕೊಂಡಿ ಮಾತ್ರ ಬೆರಳಿಗೆ ಸಿಗದೆ ಎರಡು ಸಲ ಜಾರಿತು. ಡಿಂಪ್ನಾ ಅದನ್ನು ನೋಡಿದಳು.

"ಮುಗಿಸೋಕೆ ಮುಂಚೆ ಒಂದು ಕೇಳಿ. ವ್ಯಾನ್ ಹತ್ತಿ. ತೀರಿಹೋದ ನಮ್ಮ ಲೋರ್ಕನ್ ಚಿಕ್ಕಪ್ಪನ ಮೇಜಿನ ಖಾನೆಯಲ್ಲಿ ಅವರು ರೆಕಾರ್ಡ್ ಮಾಡಿಟ್ಟ ಒಂದು ಕ್ಯಾಸೆಟ್ ಸಿಕ್ತು. ಪೆನ್ಸಿಲ್ ತೂರಿಸಿ ಟೇಪ್ ಸುತ್ತೀ ಸುತ್ತೀ ನನ್ನ ಕೈ ಬಿದ್ದುಹೋಯ್ತು. ಇದರಲ್ಲಿ ನಿಮ್ಮನೆ ಅಡುಗೆಮನೆ ಇದೆ, ಅಟ್ರಾಕ್ಟಾ."

ವ್ಯಾನಿನೊಳಗೆ ಬೆಳಗಿನ ಬ್ರೆಡ್ಡಿನ ವಾಸನೆ ಇನ್ನೂ ಬೆಚ್ಚಗಿತ್ತು. ಕ್ಯಾಸೆಟ್ ಗೊರಗೊರ ಅಂದಿತು. ಕುರ್ಚಿ ಎಳೆದ ಸದ್ದು, ಕೆಟಲಿನ ಕುದಿ, ಯಾರೋ ನಾಯಿಯನ್ನು ಗದರಿದ್ದು, ಏಳೆಂಟು ಗಂಡಸರ ನಗು. ಅಷ್ಟರಲ್ಲಿ, ಐವತ್ತೈದು ವರ್ಷದಿಂದ ಕೇಳದಿದ್ದ ಒಂದು ದನಿ, ತೀರಾ ಕಿವಿಯ ಹತ್ತಿರ ಬಂದು ಹೇಳುವ ಹಾಗೆ ಸಣ್ಣಗೆ ಕೇಳಿತು:

"ನೆನಪಿದೆ ತಾನೇ, ಟ್ರಾಕ್ಟಾ? ಆ ತಿರುವಲ್ಲಿ ಉಸಿರು ತಗೋಬಾರದು."

ಹಿಂದೆಯೇ ಕೆಮ್ಮು. ಅದು ಮುಗಿಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಎರಡು ಕೊಳಲು ಒಟ್ಟಿಗೆ ಶುರುವಾದವು. ಅಪ್ಪನದು ದಪ್ಪ, ಒರಟು. ಆಗ ಹದಿನಾರರ ಹುಡುಗಿಯಾಗಿದ್ದ ಅವಳದು ತೆಳು. ಅಟ್ರಾಕ್ಟಾಳ ಪಾದ ತಾನಾಗಿ ತಾಳ ಹಾಕತೊಡಗಿತು. ಎರಡನೇ ಭಾಗ ಬಂತು, ಮಟ್ಟು ಏರಿತು, ತಿರುವು ಬಂತು. ದಪ್ಪ ಕೊಳಲು ನಿಂತುಹೋಯಿತು. ತೆಳು ಕೊಳಲೊಂದೇ ಮೂರು ಸ್ವರ ಇಳಿದ ಮೇಲೆ ದಪ್ಪದ್ದು ಮತ್ತೆ ಬಂದು ಕೂಡಿಕೊಂಡಿತು. ಮುಂದಿನ ಸುತ್ತಿನಲ್ಲೂ ಹಾಗೆಯೇ. ಅದರ ಮುಂದಿನದರಲ್ಲೂ.

ಅವಳ ಪಾದ ನಿಂತಿತು.

"ಇನ್ನೊಂದ್ಸಲ ಹಾಕು."

ಡಿಂಪ್ನಾ ಹಿಂದಕ್ಕೆ ಸುತ್ತಿ ಹಾಕಿದಳು. ಮತ್ತದೇ ದನಿ, ಅದೇ ಕೆಮ್ಮು, ಅದೇ ಮೂರು ಸ್ವರ.

"ನಿಮಗೆ ಗೊತ್ತಿರಲಿಲ್ವಾ?"

"ಕಣ್ಣು ಮುಚ್ಕೊಂಡು ನುಡಿಸ್ತಿದ್ದೆ. ಕಿವಿ ತುಂಬ ನನ್ನ ಕೊಳಲೇ. ಅಪ್ಪ ನಿಲ್ಲಿಸಿದ್ದು ಎಲ್ಲಿ ಕೇಳ್ಬೇಕು?" ಅಟ್ರಾಕ್ಟಾ ಗಾಜಿನಾಚೆ ಬೆಟ್ಟದ ಕಡೆ ನೋಡುತ್ತಿದ್ದಳು. "ಅಡುಗೆಮನೆ ತುಂಬ ಅವನ ಜೊತೆ ಗಣಿಗೆ ಇಳಿಯೋರೇ ಕೂತಿದ್ರು. ಫೆಲಿಮ್‌ನ ಎದೆ ಹೋಯ್ತು ಅಂತ ಅವರಿಗೆ ಗೊತ್ತಾಗೋದು ಬೇಡವಾಗಿತ್ತು ಅವನಿಗೆ. ಅವನು ಉಸಿರೆಳ್ಕೊಳ್ಳೋವಾಗ ನನ್ನ ಕೊಳಲು ನಿಲ್ಲಬಾರದಿತ್ತು, ಅಷ್ಟೇ. ಆಮೇಲೆ ಒಂದು ವರ್ಷವೂ ಬದುಕಲಿಲ್ಲ. ಕಳ್ಳ. ಅದು ಮಟ್ಟಿನ ಕಟ್ಟಳೆ ಅಂದ್ಕೊಂಡುಬಿಟ್ಟೆ ನಾನು. ನನ್ನ ಕೈಲಿ ಎಷ್ಟು ಮಕ್ಕಳ ಬೆರಳಿಗೆ ಏಟು ಕೊಡಿಸಿದ ನೋಡು," ಅಂದಳು.

"ನನ್ನವೇ ಹತ್ತು," ಅಂದಳು ಡಿಂಪ್ನಾ.

ಅಟ್ರಾಕ್ಟಾಳಿಗೆ ನಗು ಬಂತು. ನಗುತ್ತಲೇ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ತೊಡೆಯ ಮೇಲಿದ್ದ ಪೆಟ್ಟಿಗೆ ತೆರೆದು, ಕೊಳಲಿನ ತುಂಡುಗಳನ್ನು ಒಂದಕ್ಕೊಂದು ತಿರುವಿ ಕೂಡಿಸಿದಳು. ಊದುವ ತೂತು ಬೆರಳ ತೂತುಗಳ ಸಾಲಿಗೆ ಸರಿಯಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು.

"ನಿನ್ನದನ್ನೂ ತಗೋ. ಇಬ್ಬರೂ ನುಡಿಸೋಣ."

ಸಭಾಂಗಣದ ಬಾಗಿಲಲ್ಲಿ ಅವಳು ನಿಂತಳು. ಒಳಗೆ ಕುರ್ಚಿಗಳು ತುಂಬಿದ್ದವು. ಡಿಂಪ್ನಾಳ ಕಿವಿಯ ಹತ್ತಿರ ಬಾಗಿ ಸಣ್ಣಗೆ ಕೇಳಿದಳು, "ನೆನಪಿದೆ ತಾನೇ?"

"ಏನು?"

"ಆ ತಿರುವಲ್ಲಿ ಉಸಿರು ತಗೋಬಾರದು."

ಡಿಂಪ್ನಾ ಅವಳ ಮುಖ ನೋಡಿದಳು. "ಇಲ್ಲ ಅಟ್ರಾಕ್ಟಾ. ತಗೊಳ್ಳಲ್ಲ."

ಮುಂದಿನ ಸಾಲಿನಲ್ಲಿ ಗಣಿಯಲ್ಲಿ ದುಡಿದ ಮುದುಕರು ಕೂತಿದ್ದರು. ಮಟ್ಟು ಶುರುವಾದದ್ದೇ ಅವರ ಬೂಟುಗಳು ಹಲಗೆಯ ನೆಲದ ಮೇಲೆ ತಾಳ ಹಿಡಿದವು. ಎರಡನೇ ಭಾಗ ಬಂತು, ಮೇಲಕ್ಕೇರಿತು. ತಿರುವಿನಲ್ಲಿ ಅಟ್ರಾಕ್ಟಾಳ ತುಟಿ ಕೊಳಲಿನಿಂದ ಒಂದಿಷ್ಟೇ ಸರಿಯಿತು. ಮೂರು ಸ್ವರಗಳು ಅವಳಿಲ್ಲದೆ, ಡಿಂಪ್ನಾಳ ಕೊಳಲಿನಲ್ಲಿ ಇಳಿದು ಹೋದವು.

ಒಂದು ಬೂಟೂ ತಾಳ ತಪ್ಪಲಿಲ್ಲ.