ಇನ್ನೊಬ್ಬರ ಟವೆಲ್

“ನಂಗಿವತ್ತು ಯಾರ ಟವೆಲ್ಲೂ ಬ್ಯಾಡ,” ಎಂದ ಉದಯಕುಮಾರ.

ತುಮಕೂರಿನ ಸತ್ಯಮಂಗಲದ ಮೈದಾನದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಗಂಡಸರೆಲ್ಲ ಅವನ ಕಡೆ ತಿರುಗಿದರು. ಶನಿವಾರ ನಸುಕಿನ ಕಸರತ್ತು ಆಗಷ್ಟೇ ಮುಗಿದಿತ್ತು. ಈ ಗುಂಪಿನಲ್ಲಿ ಯಾವ ನಿಯಮವನ್ನು ಬೇಕಾದರೂ ಮುರಿಯಬಹುದು, ಟವೆಲಿನ ನಿಯಮವನ್ನಲ್ಲ. ಕಸರತ್ತು ಮುಗಿದ ಮೇಲೆ ಪ್ರತಿಯೊಬ್ಬನೂ ಇನ್ನೊಬ್ಬನ ಟವೆಲ್ ಮನೆಗೆ ಒಯ್ಯಬೇಕು. ಒಗೆದು, ಒಣಗಿಸಿ, ಮುಂದಿನ ಸಲ ತಂದುಕೊಡಬೇಕು. ಚಕ್ಕರ್ ಹೊಡೆದರೆ ಪಾಪ ಇನ್ನೊಬ್ಬ ಒದ್ದೆ ಮೈಯಲ್ಲೇ ಮನೆಗೆ ಹೋಗಬೇಕಾಗುತ್ತದೆ. ಕಂಡವರ ಬೆವರು ನಾವ್ಯಾಕೆ ಒಗೆಯಬೇಕು ಎಂದು ಹೆಂಡತಿಯರು ಬೈದದ್ದೇ ಬಂತು, ಈ ಹುಚ್ಚಾಟ ಮಾತ್ರ ನಿಂತಿರಲಿಲ್ಲ.

“ಯಾಕ್ಲಾ ಕುಂಭಕರ್ಣ, ಸೋಪು ಖಾಲಿಯಾ?” ಎಂದ ಕೊಬ್ಬರಿ. ಎಲ್ಲರೂ ನಕ್ಕರು.

ಅಡ್ಡಹೆಸರು ಇನ್ನೊಂದು ಹುಚ್ಚಾಟ. ಮೈದಾನಕ್ಕೆ ಕಾಲಿಟ್ಟ ಮೇಲೆ ಯಾರಿಗೂ ನಿಜವಾದ ಹೆಸರಿಲ್ಲ. ಊರು, ಕೆಲಸ ಯಾರೂ ಕೇಳುವಂತಿಲ್ಲ. ಗುಬ್ಬಿಯಲ್ಲಿ ಕೊಬ್ಬರಿ ಅಂಗಡಿ ಇದೆಯೆಂದು ತಾನಾಗಿಯೇ ಬಾಯಿಬಿಟ್ಟವನು ಕೊಬ್ಬರಿ. ಹಗಲಿಡೀ ಹಾಸಿಗೆ ಬಿಡದ ಉದಯ, ಕುಂಭಕರ್ಣ. ಹಾಲಿನ ಗಾಡಿ ಹತ್ತಿ ಎಲ್ಲಿಂದಲೋ ಬಂದು, ಎಲ್ಲರಿಗಿಂತ ಮೊದಲು ಪೀಪಿ ಊದುವ ಮುದುಕರು ಪೀಪಿ ತಾತ. ಗುಂಪಿಗೆ ತಾವೇ ಹೊಸಬರಾಗಿದ್ದರೂ, ಮನೆಗೆ ನುಗ್ಗಿ ಕಂಬಳಿ ಕಿತ್ತು ಉದಯನನ್ನು ಇಲ್ಲಿಗೆ ಎಳೆದು ತಂದವರು ಅವರೇ.

ಈಗ ತಾತ ನಗಲಿಲ್ಲ.

“ನಾಳೆ ಭಾನ್ವಾರ, ರಜ. ಸೋಮವಾರ ಬರ್ತೀಯ ತಾನೆ?”

“ನೋಡಾನ ತಾತ.”

ಉದಯನ ಹೆಗಲ ಮೇಲೆ ಹಸಿರು ಟವೆಲ್ ಇತ್ತು. ಅದರ ಅಂಚಿಗೆ ಹೆಂಡತಿ ಸುಮನಾ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದಳು. ತಾತ ಅದನ್ನು ಎಳೆದು ತಮ್ಮ ಚೀಲಕ್ಕೆ ತುರುಕಿಕೊಂಡರು. “ನೀನು ಬ್ಯಾಡಂದ್ರೆ ಬುಡು. ನಿಂದು ನಾನ್ ಒಗ್ದು ತರ್ತೀನಿ. ಇಸ್ಕೊಳಕ್ಕಾದ್ರೂ ಬಾ.”

ಉದಯ ಹೊರಟುಬಿಟ್ಟ.

ಕಳೆದ ವರ್ಷ ಕಾರ್ಖಾನೆಯ ಅಂಗಳದಲ್ಲಿ ಅವನು ಟೆಂಪೋ ರಿವರ್ಸ್ ತೆಗೆದಾಗ ಹಿಂದೆ ತಿಮ್ಮರಾಜು ನಿಂತಿದ್ದ. ದಿನಾ ಜೊತೆಗೆ ಕೂತು ಬುತ್ತಿ ಬಿಚ್ಚುತ್ತಿದ್ದ ಹುಡುಗ. ಬದುಕಲಿಲ್ಲ. ತಪ್ಪು ಡ್ರೈವರನದಲ್ಲ ಎಂದು ಪೊಲೀಸರೂ ಹೇಳಿದರು, ಕಾರ್ಖಾನೆಯವರೂ ಹೇಳಿದರು. ಉದಯನ ಮನಸ್ಸು ಒಪ್ಪಲಿಲ್ಲ. ಯಾವ ಮುಖ ಹೊತ್ತು ಹೋಗುವುದೆಂದು ಮಣ್ಣಿಗೂ ಹೋಗಲಿಲ್ಲ. ಕೆಲಸ ಬಿಟ್ಟ. ಸುಮನಾಳನ್ನು ತವರಿಗೆ ಕಳಿಸಿ, ಬಾಗಿಲು ಮುಚ್ಚಿ ಮಲಗಿಬಿಟ್ಟ.

ಆಗೊಮ್ಮೆ ಕಾರ್ಖಾನೆಯ ವಾಚ್‌ಮನ್ ಕಿಟಕಿಯಲ್ಲಿ ಬಗ್ಗಿ ಪಿಸುಗುಟ್ಟಿದ್ದ: “ಹುಷಾರು ಕಣಣ್ಣ. ತಿಮ್ಮರಾಜನ ಅಪ್ಪ ಅಡವಿಯಪ್ಪ ಅಂತ, ಕೊತ್ತಗೆರೆಯಿಂದ ಬಂದಿದ್ದ. ಡ್ರೈವರ್ ಮನೆ ಯಾವ್ದು, ಒಬ್ನೇ ಇರ್ತಾನಾ ಅಂತ ಎಲ್ರುನ್ನೂ ಕೇಳ್ತಿದ್ದ.”

ಅಂದಿನಿಂದ ಉದಯ ಚಿಲಕ ಹಾಕುವುದನ್ನೇ ಬಿಟ್ಟ. ಕೊಲ್ಲುವುದಾದರೆ ಕೊಂದು ಹೋಗಲಿ ಎಂದು ಕಾದ. ಮಚ್ಚು ಹಿಡಿದು ಯಾರೂ ಬರಲಿಲ್ಲ.

ಇಷ್ಟು ದಿನ ಹೇಗೋ ತಳ್ಳಿದ್ದ. ಕೆಡಿಸಿದ್ದು ಈ ಶನಿವಾರದ ನಗು. ಕಸರತ್ತಿನ ನಡುವೆ ಕೊಬ್ಬರಿ ಎಲ್ಲರಿಗೂ ಹಿಮ್ಮುಖವಾಗಿ ಓಡಲು ಹೇಳಿದ್ದ. ಉದಯನ ಕಾಲು ನೆಲಕ್ಕೆ ಅಂಟಿಕೊಂಡಿತು. ತಾತ ಹೋಗಿ ಅವನ ಬೆನ್ನ ಹಿಂದೆ ನಿಂತರು.

“ಹಿಂದೆ ಯಾರೂ ಇಲ್ಲ. ನಾನ್ ನೋಡ್ತಾ ಇದೀನಿ. ಬಾ ಮಗ.”

ಉದಯ ಕಣ್ಣು ಮುಚ್ಚಿ ಓಡಿದ. ಸೀದಾ ತಾತನ ಮೇಲೆ ಬಿದ್ದ. ಇಬ್ಬರೂ ಧೂಳಿನಲ್ಲಿ ಉರುಳಿದರು. ಗುಂಪು ಹೊಟ್ಟೆ ಹಿಡಿದು ನಕ್ಕಿತು, ತಾತ ನಕ್ಕರು, ಉದಯನೂ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ತಿಮ್ಮರಾಜು ನೆನಪಾದ. ಅವನು ಮಣ್ಣಿನಡಿ ಇರುವಾಗ ತನ್ನ ಬಾಯಿಂದ ನಗು ಬಂತಲ್ಲ ಎಂದು ಉದಯನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇನ್ನು ಸಾಕು ಎಂದು ನಿರ್ಧರಿಸಿದ್ದು ಆ ಧೂಳಿನಲ್ಲೇ.

ಭಾನುವಾರ ಬೆಳಗ್ಗೆ ಕುಣಿಗಲ್ ಬಸ್ ಹತ್ತಿದ. ಫೋನನ್ನು ಮನೆಯಲ್ಲೇ ಬಿಟ್ಟಿದ್ದ. ಅಡವಿಯಪ್ಪನ ಕಾಲು ಹಿಡಿದು, ನಾನೇ ನಿಮ್ಮ ಮಗನನ್ನು ಕೊಂದವನು ಎಂದು ಒಂದು ಮಾತು ಹೇಳಬೇಕು. ಅವನು ಮಚ್ಚು ಎತ್ತಿದರೆ ಅಲ್ಲಿಗೆ ಮುಗಿಯಿತು. ಎತ್ತದಿದ್ದರೂ ಬದುಕಿ ವಾಪಸ್ ಬರುವ ಯೋಚನೆ ಉದಯನಿಗಿರಲಿಲ್ಲ. ಯಾರದೂ ಏನೂ ತನ್ನಲ್ಲಿ ಉಳಿದಿಲ್ಲ, ಒಂದು ಟವೆಲ್ ಕೂಡ ಇಲ್ಲ ಎಂಬುದೊಂದೇ ಸಮಾಧಾನ.

ಕೊತ್ತಗೆರೆಯಲ್ಲಿ ಟೀ ಅಂಗಡಿಯವನು ಮನೆ ತೋರಿಸಿದ. ಜಗುಲಿಯ ಮೇಲೆ ಒಬ್ಬ ಹೆಂಗಸು ಮೊರದಲ್ಲಿ ರಾಗಿ ಕೇರುತ್ತಿದ್ದಳು. ತಿಮ್ಮರಾಜುವಿನದೇ ಕಣ್ಣು, ತಿಮ್ಮರಾಜುವಿನದೇ ಮೂಗು. ಅವನ ತಾಯಿಯೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಅಡವಿಯಪ್ಪನೋರು ಮನೇಲವ್ರಾ?”

“ಇಲ್ಲ ಕಣಪ್ಪ, ತುಮಕೂರ್ಗೆ ಹೋದ್ರು.” ಮೊರ ನಿಲ್ಲಲಿಲ್ಲ. “ದಿನಾ ಹಾಲಿನ ಗಾಡಿ ಹತ್ತಿ ಹೋಯ್ತಾರೆ. ಇವತ್ತು ರಜಾನಂತೆ, ಆದ್ರೂ ಹೋದ್ರು. ರಾತ್ರಿಯೆಲ್ಲ ಕಣ್ಣು ಮುಚ್ನಿಲ್ಲ. ಅಲ್ಲೊಬ್ಬ ಹುಡ್ಗ ನೆನ್ನೆ ಟವೆಲ್ ಬ್ಯಾಡ ಅಂದ್ಬುಟ್ನಂತೆ. ನಮ್ ಮಗ ಅಂತೂ ಹೋದ, ಅವ್ನಾದ್ರೂ ಉಳೀಲಿ ಕಣೇ ಅಂತಾರೆ. ಯಾಕಪ್ಪ, ನಡುಗ್ತಿದೀಯ? ಕೂತ್ಕೊ, ನೀರ್ ತರ್ತೀನಿ.”

ಅವಳು ಎದ್ದು ಒಳಗೆ ಹೋದಳು. ಅಂಗಳದ ತಂತಿಯ ಮೇಲೆ, ಕೆಂಪು ದಾರದ ಅಂಚಿನ ಹಸಿರು ಟವೆಲ್ ಸೋಮವಾರಕ್ಕಾಗಿ ಒಣಗುತ್ತಿತ್ತು.