ಕಾಡಿನ ಬಣ್ಣ

ಚಾರಣದ ಸಾಮಾನು ಮಾರುವ ಅಂಗಡಿಗೆ ಬಂದ ಹೆಂಗಸು ಕೊಡೆಯನ್ನು ಕೌಂಟರಿಗೆ ಒರಗಿಸಿ, "ಮಗಳು ಈ ಮಳೆಯಲ್ಲಿ ಬೆಟ್ಟ ಹತ್ತೋಕೆ ಹೊರಟಿದ್ದಾಳೆ. ಬೇಡ ಅಂದ್ರೂ ಕೇಳಲಿಲ್ಲ" ಎಂದಳು.

"ವಯಸ್ಸೇ ಹಾಗಲ್ವಾ ಮೇಡಂ!" ಅಂಗಡಿಯವನು ನಕ್ಕ. "ನೋಡಿ, ಮೊದಲು ಒಳಗೆ ಹಾಕೋಕೆ..."

"ಕಾಟನ್ ಬೇಡ, ಒದ್ದೆಯಾದರೆ ಮೈಮೇಲೆ ಒಣಗಲ್ಲ. ಬೇಗ ಒಣಗೋ ಟೀ ಶರ್ಟ್ ಕೊಡಿ. ಅದರ ಮೇಲೆ ತೆಳ್ಳನೆಯ ಸ್ವೆಟರ್. ಎಲ್ಲದರ ಮೇಲೆ ಮಳೆ ಜಾಕೆಟ್ಟು, ಒಂದು ಸೈಜ್ ದೊಡ್ಡದು."

"ಭಲೇ! ಇಷ್ಟೆಲ್ಲ ಯಾರು ಹೇಳಿಕೊಟ್ರು?"

"ನೀವೇ. ಹೋದ ಮಳೆಗಾಲದಲ್ಲಿ ಮಗನ ಜೊತೆ ಬಂದಿದ್ದೆ."

ಅವನ ಮುಖ ಅರಳಿತು. "ಹೌದಾ! ಜಾಕೆಟ್ ಹೇಗಿತ್ತಂತೆ?"

"ಒಳಗೆ ಒಂದು ಹನಿ ನೀರು ಹೋಗಿರಲಿಲ್ಲ."

"ನಾನು ಅವತ್ತೇ ಹೇಳಿರಲಿಲ್ವಾ?" ಅವನು ಕಪಾಟಿನಿಂದ ಅದೇ ಕಡುಹಸಿರು ಜಾಕೆಟ್ ತೆಗೆದು ಅವಳ ಮುಂದೆ ಹರವಿದ. "ಮಗಳಿಗೂ ಇದೇ ಇರಲಿ. ಕಾಡಿನ ಬಣ್ಣ. ಎಲ್ಲರೂ ಕೇಳೋದು ಇದನ್ನೇ."

"ಬೇಡ. ಆ ಕಿತ್ತಳೆ ಬಣ್ಣದ್ದು ಕೊಡಿ."

"ಅಯ್ಯೋ, ಅದಾ? ರಸ್ತೆ ಕೆಲಸದವರ ಥರ ಕಾಣ್ತಾಳೆ ಮೇಡಂ. ಒಂದು ಮೈಲಿ ದೂರಕ್ಕೂ ಕಣ್ಣಿಗೆ ಹೊಡೆಯುತ್ತೆ."

ಆಕೆ ಹಸಿರು ಜಾಕೆಟ್ಟನ್ನು ನೀಟಾಗಿ ಮಡಚಿ ಅವನ ಕಡೆಗೆ ಸರಿಸಿದಳು.

"ಹೊಡೀಲಿ. ಕಾಲು ಮುರಕೊಂಡು ಪೊದೆಯಲ್ಲಿ ಬಿದ್ದಿದ್ದ ನನ್ನ ಮಗನ ಪಕ್ಕದಲ್ಲೇ ಹುಡುಕೋರು ಮೂರು ಸಲ ಹಾದುಹೋದರಂತೆ. ಎಂಟನೇ ದಿನ ಪೊಲೀಸ್ ನಾಯಿ ಮೂಸಿ ತೋರಿಸಬೇಕಾಯ್ತು."